ಹಳದಿ ಬಾಗಿಲ ಮುಂದೆ ನಿಂತ ಆಂಬುಲೆನ್ಸ್

ನಮ್ಮ ಗಲ್ಲಿಗೆ ಹೊಸಬರು ಬಂದರೆ ದಾರಿ ತಪ್ಪುವುದು ಖಂಡಿತ. ಮೇನ್ ರೋಡಿನಿಂದ ಒಳಗೆ ಬಂದರೆ ಸ್ವಲ್ಪ ದೂರ ನೇರ, ಆಮೇಲೆ ಎರಡು ಕವಲು. ಬಲಗಡೆಯದು ಹೋಗಿ ಗೋಡೌನಿನ ಶಟರ್ ಮುಂದೆ ನಿಂತುಬಿಡುತ್ತದೆ. ಎಡಗಡೆಯದು ಏಳೆಂಟು ಸಲ ಹೊರಳಿ, ಇಪ್ಪತ್ತೆರಡು ಮನೆಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದೆ. ಮನೆಗಳಿಗೆ ನಂಬರು ಇದೆ, ಇಲ್ಲವೆಂದಲ್ಲ. ಆದರೆ ಹದಿನೇಳರ ಪಕ್ಕದಲ್ಲಿ ನಾಲ್ಕಿದೆ, ನಾಲ್ಕರ ಎದುರಿಗೆ ಇಪ್ಪತ್ತೊಂದಿದೆ. ಯಾರು ಮೊದಲು ಮನೆ ಕಟ್ಟಿದರೋ ಅವರಿಗೆ ಮೊದಲ ನಂಬರು. ನಿಮ್ಮ ಬೀದಿಯೂ ಹೀಗೇ ಇರಬಹುದು.

ಹಾಗಾಗಿ ನಾವು ಯಾರಿಗೂ ನಂಬರು ಹೇಳುತ್ತಿರಲಿಲ್ಲ. "ನೀಲಿ ಬಾಗಿಲು ಸಿಗುತ್ತೆ, ಅಲ್ಲಿ ಎಡಕ್ಕೆ ತಿರುಗಿ" ಎನ್ನುತ್ತಿದ್ದೆವು. ಗ್ಯಾಸ್ ತರುವವರಿಗೂ ಅದೇ, ನೆಂಟರಿಗೂ ಅದೇ. ಕವಲಿನಲ್ಲೇ ಇದ್ದ ಆ ನೀಲಿ ಬಾಗಿಲು ನಮ್ಮ ಮನೆಯದು. ಮೂವತ್ತು ವರ್ಷ ಅದು ನೀಲಿಯಾಗಿಯೇ ಇತ್ತು.

ಎಡಕ್ಕೆ ತಿರುಗಿದ ಮೇಲೂ ಗೊಂದಲ ಇದ್ದೇ ಇತ್ತು. ಆದರೆ ಅಲ್ಲಿ ಸೂಜಿಯಕ್ಕ ಇರುತ್ತಿದ್ದಳು. ಎರಡನೇ ತಿರುವಿನ ಮೂಲೆಯಲ್ಲಿ ಬೈಂಡಿಂಗ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಗಂಡ ಒಳಗೆ ರಟ್ಟು ಕತ್ತರಿಸುತ್ತಿದ್ದ. ಹೆಂಡತಿ ಬೆಳಕಿಗೆಂದು ಹೊಸ್ತಿಲಲ್ಲಿ ಕುಳಿತು, ಮಡಚಿದ ಹಾಳೆಗಳ ಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಯುತ್ತಿದ್ದಳು. ಯಾರಾದರೂ ಚೀಟಿ ಹಿಡಿದು ಅತ್ತಿತ್ತ ನೋಡಿದರೆ ಸಾಕು, ಅವಳು ತಲೆ ಎತ್ತುತ್ತಿದ್ದಳು. "ಯಾರ ಮನೆ ಬೇಕಿತ್ತು?" ಕೇಳಿ, ಕೈಯಲ್ಲಿದ್ದ ಸೂಜಿಯಿಂದಲೇ ದಾರಿ ತೋರಿಸುತ್ತಿದ್ದಳು. ಬಿಸಿಲಿನಲ್ಲಿ ಬಂದವರಿಗೆ ಮೊದಲು ನೀರು, ಆಮೇಲೆ ದಾರಿ. ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ನಾನು ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಆದರೂ ನನ್ನ ಬಾಯಲ್ಲೂ ಅದೇ.

ಒಂದು ದಿನ ಚಿತ್ರ ಬರೆಯುವ ಎಂಟು ಹತ್ತು ಮಂದಿ ನಮ್ಮ ಗಲ್ಲಿಗೆ ಬಂದರು. ಗಲ್ಲಿಯನ್ನು ಚೆಂದ ಮಾಡುತ್ತೇವೆ ಎಂದರು. ಎಲ್ಲರೂ ನಗುಮೊಗದವರು, ಒಳ್ಳೆಯ ಮಾತಿನವರು. ಬೈಂಡರನ ಉದ್ದ ಗೋಡೆಯ ಮೇಲೆ ದೊಡ್ಡ ದೊಡ್ಡ ಹೂ ಬರೆದರು. ಮುಂದಿನ ಸಾಲಿನ ಐದು ಬಾಗಿಲುಗಳಿಗೆ ಒಂದೇ ಬಣ್ಣ ಹಚ್ಚಿದರೆ ಚೆಂದ ಎಂದು ಅವರಲ್ಲೇ ಮಾತಾಡಿಕೊಂಡರು. ಒಬ್ಬ ಹುಡುಗಿ ಡಬ್ಬ ಹಿಡಿದು ನನ್ನ ಮುಂದೆ ನಿಂತಳು.

"ಅಜ್ಜಿ, ನಿಮ್ಮ ಬಾಗಿಲಿಗೆ ಹಳದಿ ಹಚ್ಲಾ? ಸೂರ್ಯನ ಥರ ಕಾಣುತ್ತೆ."

"ಹಚ್ಚಮ್ಮ, ಅದಕ್ಕೇನು" ಎಂದೆ. ಕುಡಿಯಲು ನೀರು ಕೊಟ್ಟೆ. ಅಷ್ಟೇ ನಡೆದದ್ದು. ಈ ಬಾಗಿಲಿನಿಂದ ಗಲ್ಲಿಗೆ ಏನು ಕೆಲಸ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ನನಗೆ ಹೊಳೆಯಲೇ ಇಲ್ಲ. ಸಂಜೆ ಅವರು ಫೋಟೋ ತೆಗೆದುಕೊಂಡು ಹೋದರು.

ಬಾಗಿಲು ಹಳದಿಯಾಯಿತು. ನಮ್ಮ ನಾಲಿಗೆ ಮಾತ್ರ ನೀಲಿಯಲ್ಲೇ ಉಳಿಯಿತು. ನಾಲ್ಕು ತಿಂಗಳು ಎಲ್ಲರೂ "ನೀಲಿ ಬಾಗಿಲ ಹತ್ತಿರ" ಎಂದೇ ಹೇಳುತ್ತಿದ್ದೆವು. ಯಾರಿಗೂ ತೊಂದರೆಯಾಗಲಿಲ್ಲ. ಯಾಕೆಂದರೆ ದಾರಿ ತಪ್ಪಿ ಕವಲಿನಲ್ಲಿ ನಿಂತವರನ್ನು ಸೂಜಿಯಕ್ಕ ದೂರದಿಂದಲೇ ನೋಡಿ, ಎದ್ದು ಬಂದು, "ನೀಲಿ ಬಾಗಿಲು ಹುಡುಕ್ತಿದ್ದೀರಾ? ಅದು ಬಟ್ಟೆ ಬದಲಾಯಿಸಿದೆ, ಇದೇ ನೋಡಿ" ಎಂದು ನಗುತ್ತಾ ಕರೆತರುತ್ತಿದ್ದಳು.

ಆ ದಿನ ಮಧ್ಯಾಹ್ನ ಎರಡು ಗಂಟೆ. ಹೊಲಿಯುತ್ತಿದ್ದವಳಿಗೆ ಎದೆ ಹಿಡಿದಂತಾಯಿತು. ಮೈಯೆಲ್ಲ ಬೆವರಿತು. ಎಡಗೈ ಸೋತಿತು. ಬೈಂಡರ್ ಅವಳನ್ನು ಒಳಗೆ ಮಲಗಿಸಿ ಆಂಬುಲೆನ್ಸಿಗೆ ಫೋನ್ ಮಾಡಿದ. ಮಗಳು ಕೆಲಸಕ್ಕೆ ಹೋಗಿದ್ದಳು. ಅಕ್ಕಪಕ್ಕದವರೂ ಕೆಲಸದಲ್ಲಿದ್ದರು. ಫೋನಿನಲ್ಲಿ ಗುರುತು ಕೇಳಿದರು. ಅವನು ಎಲ್ಲರೂ ಹೇಳುವುದನ್ನೇ ಹೇಳಿದ. "ಗಲ್ಲಿ ಒಳಗೆ ಬನ್ನಿ. ನೀಲಿ ಬಾಗಿಲು ಸಿಗುತ್ತೆ. ಅಲ್ಲಿ ಎಡಕ್ಕೆ." ಫೋನ್ ಅಲ್ಲೇ ಬಿಟ್ಟು ಹೆಂಡತಿಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ.

ಗಾಡಿ ಬೇಗನೆ ಬಂತು. ನಮ್ಮ ಮನೆಯ ಮುಂದೆಯೇ ನಿಂತಿತಂತೆ. ಡ್ರೈವರ್ ನೋಡಿದ. ಬಾಗಿಲು ಹಳದಿ. ಆ ಸಾಲಿನಲ್ಲಿ ನೀಲಿ ಬಾಗಿಲೇ ಇಲ್ಲ. ಬಲಕ್ಕೆ ಕಣ್ಣು ಹಾಯಿಸಿದ. ದೂರದಲ್ಲಿ ಗೋಡೌನಿನ ಶಟರ್ ನೀಲಿಯಾಗಿತ್ತು. ಅತ್ತ ಹೋದ. ಶಟರ್ ಬಡಿದ. ಯಾರೂ ತೆಗೆಯಲಿಲ್ಲ. ಹಿಂದಕ್ಕೆ ತಿರುಗಿಸಿಕೊಂಡು ಮೇನ್ ರೋಡಿಗೆ ಹೋಗಿ, ಪಕ್ಕದ ಗಲ್ಲಿಯಲ್ಲಿ ನೀಲಿ ಬಾಗಿಲು ಹುಡುಕಿದ. ಫೋನ್ ಮಾಡಿದ. ಫೋನ್ ಅಂಗಡಿಯ ಮೇಜಿನ ಮೇಲೆ ಬಡಿದುಕೊಳ್ಳುತ್ತಿತ್ತು, ಬೈಂಡರ್ ಒಳಕೋಣೆಯಲ್ಲಿದ್ದ.

ನಾನು ಹಿಂದಿನ ಕೋಣೆಯಲ್ಲಿ ಮಲಗಿದ್ದೆ. ಸೈರನ್ ಹತ್ತಿರ ಬಂದು ದೂರ ಹೋದದ್ದು ಕೇಳಿಸಿತು. ಮತ್ತೆ ಬಂತು, ಮತ್ತೆ ಹೋಯಿತು. ಪಾಪ, ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಎದ್ದು ಬಾಗಿಲು ತೆಗೆಯಲಿಲ್ಲ.

ಕೊನೆಗೆ ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡು, ಫೋನ್ ಮಾಡಿದ ಇಪ್ಪತ್ತಾರು ನಿಮಿಷದ ಮೇಲೆ ಅವರು ಬೈಂಡರನ ಮನೆ ಮುಟ್ಟಿದರು. ಅಷ್ಟರಲ್ಲಿ ಸೂಜಿಯಕ್ಕ ಹೋಗಿಬಿಟ್ಟಿದ್ದಳು.

ಬೇಗ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಆಮೇಲೆ ನಮ್ಮ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೇಳಿದೆ. ಆಕೆ ಸುಳ್ಳು ಸಮಾಧಾನ ಹೇಳುವವಳಲ್ಲ. "ಖಂಡಿತ ಅಂತ ಯಾರೂ ಹೇಳಕ್ಕಾಗಲ್ಲ ಅಮ್ಮಾ. ಆದರೆ ಎದೆನೋವಿನಲ್ಲಿ ಒಂದೊಂದು ನಿಮಿಷಕ್ಕೂ ಲೆಕ್ಕ ಇದೆ. ಅವರಿಗೆ ಒಂದು ಅವಕಾಶ ಸಿಗಬೇಕಿತ್ತು, ಸಿಗಲಿಲ್ಲ" ಎಂದಳು.

ಹನ್ನೊಂದನೇ ದಿನ ಬೈಂಡರ್ ರಟ್ಟು ಕೊಯ್ಯುವ ಚಾಕು ಹಿಡಿದು ಹೊರಗೆ ಬಂದ. ತನ್ನ ಗೋಡೆಯ ಮೇಲಿದ್ದ ಹೂಗಳನ್ನು ಒಂದೊಂದಾಗಿ ಕೆರೆದು ಹಾಕಿದ. ಬೆಳಿಗ್ಗೆ ಶುರು ಮಾಡಿದವನು ಸಂಜೆಯವರೆಗೆ ಕೆರೆದ. ಯಾರೂ ತಡೆಯಲಿಲ್ಲ. ಅವನು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ನನ್ನ ಹಳೆಯ ಪುಸ್ತಕದ ಹೊಲಿಗೆ ಬಿಚ್ಚಿತ್ತು, ಅದನ್ನು ಮೊದಲೇ ಕೊಟ್ಟಿದ್ದೆ. ಆ ವಾರವೇ ಅದನ್ನು ಸರಿಮಾಡಿ ಮಗಳ ಕೈಯಲ್ಲಿ ಕಳಿಸಿದ್ದ. ನನಗೆ ಅದನ್ನು ತೆರೆದು ನೋಡಲು ಧೈರ್ಯ ಬರಲಿಲ್ಲ.

ಹತ್ತು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನರ್ಸಮ್ಮ ನಮ್ಮ ಮನೆಗೆ ಬಂದಳು. ಅವಳ ಹಿಂದೆ ಒಬ್ಬ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

"ಅಮ್ಮಾ, ಇವಳು ನಮ್ಮ ಕೇಂದ್ರಕ್ಕೆ ಪೋಸ್ಟರ್ ಬರೆದುಕೊಡ್ತಿದ್ದಾಳೆ. ಮಾತಿಗೆ ಮಾತು ಬಂದು ನಿಮ್ಮ ಗಲ್ಲಿ ವಿಷಯ ಹೇಳಿದೆ. ಮೂರು ದಿನದಿಂದ ನಿದ್ದೆ ಮಾಡಿಲ್ಲವಂತೆ."

ಹುಡುಗಿ ನನ್ನ ಬಾಗಿಲನ್ನು ಮುಟ್ಟಿದಳು. "ಅಜ್ಜಿ, ಇದಕ್ಕೆ ಹಳದಿ ಹಚ್ಚಿದ್ದು ನಾನೇ."

ಅವಳನ್ನು ಒಳಗೆ ಕರೆದು ಕೂರಿಸಿದೆ. "ಹಚ್ಚು ಅಂದಿದ್ದು ನಾನೇ ಮಗಳೇ" ಎಂದೆ.

ಆಮೇಲೆ ಅವಳೇ ಕೇಳಿದಳು. "ಈಗೇನಾದರೂ ಮಾಡಬಹುದಾ ಅಜ್ಜಿ? ಮತ್ತೆ ನೀಲಿ ಹಚ್ಚಿಕೊಡ್ಲಾ?"

"ನನ್ನೊಬ್ಬಳನ್ನೇ ಕೇಳಿದ್ದಕ್ಕೇ ಹೀಗಾಯ್ತಲ್ಲ. ಈ ಸಲ ಎಲ್ಲರನ್ನೂ ಕೇಳು."

ಭಾನುವಾರ ಸಂಜೆ ಇಸ್ತ್ರಿ ಅಂಗಡಿಯಲ್ಲಿ ಸೇರಿದೆವು. ಆ ಅಂಗಡಿ ರೇಡಿಯೋ ಅತ್ತೆಯದು. ಆಕೆ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು. ಚಿತ್ರದ ಹುಡುಗಿ ಬಗಲಲ್ಲಿ ಬಿಳಿ ಹಾಳೆಯ ಸುರುಳಿ ಹಿಡಿದುಕೊಂಡು ಬಂದಳು.

"ನಾನು ಈ ಸಲ ಬಣ್ಣ ತಂದಿಲ್ಲ" ಎಂದಳು. "ಹಾಳೆ, ಪೆನ್ಸಿಲ್ ಅಷ್ಟೇ. ನಿಮ್ಮಿಂದ ಕೇಳಿಸಿಕೊಳ್ಳೋಕೆ ಬಂದಿದ್ದೀನಿ."

"ಬಣ್ಣ ಇಲ್ಲದ ಪೇಂಟರ್, ಕೆಂಡ ಇಲ್ಲದ ಇಸ್ತ್ರಿಪೆಟ್ಟಿಗೆ!" ಎಂದಳು ರೇಡಿಯೋ ಅತ್ತೆ. "ಆಗ್ಲಿ ಕೂತ್ಕೊ. ಆ ಬಟ್ಟೆಗಂಟಿನ ಮೇಲೆ ಮಾತ್ರ ಕೂರಬೇಡ, ಈಗಷ್ಟೇ ಮಡಿಕೆ ಹಾಕಿದ್ದೀನಿ."

ಅಷ್ಟರಲ್ಲಿ ಬೈಂಡರ್ ಬಂದು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ನೀನೇನಾ ಈ ಅಕ್ಕನ ಬಾಗಿಲಿಗೆ ಬಣ್ಣ ಹಚ್ಚಿದ್ದು?" ಎಂದು ನನ್ನ ಕಡೆ ಕೈ ತೋರಿಸಿ ಹುಡುಗಿಯನ್ನು ಕೇಳಿದ.

"ಹೌದಣ್ಣ."

"ಎಷ್ಟು ಹೊತ್ತು ಹಿಡೀತು ಹಚ್ಚೋಕೆ?"

ಅವಳು ತಡವರಿಸಿದಳು. "ಒಂದೂವರೆ ಗಂಟೆ ಇರಬಹುದು."

"ನಾನು ಅವಳ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದು ಇಪ್ಪತ್ತಾರು ನಿಮಿಷ."

ಅವಳು ಅಳಲಿಲ್ಲ. ಅಳು ನುಂಗಿಕೊಂಡು ನಿಂತಳು. ಅದು ನನಗೆ ಮೆಚ್ಚಿಗೆಯಾಯಿತು. ಅತ್ತಿದ್ದರೆ ಅವನೇ ಅವಳನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

"ನೀವು ಬರ್ತೀರಿ, ಚೆಂದ ಮಾಡ್ತೀರಿ, ಹೋಗ್ತೀರಿ" ಎಂದ ಬೈಂಡರ್. "ಚೆಂದದ ಜೊತೆ ಬದುಕೋರು ನಾವು. ಏನಾದ್ರೂ ಮಾಡ್ಕೊಳ್ಳಿ. ನನ್ನ ಗೋಡೆ ಮುಟ್ಟಬೇಡಿ."

"ಬಣ್ಣದ್ದೊಂದೇ ತಪ್ಪಲ್ಲ ತಮ್ಮಾ" ಎಂದೆ ನಾನು. "ಹೂಂ ಅಂದವಳು ನಾನು. ನಾಲ್ಕು ತಿಂಗಳು ನೀಲಿ ನೀಲಿ ಅಂತ ಇದ್ದವರು ನಾವೆಲ್ಲ. ಅವಳು ಹೊಸ್ತಿಲಲ್ಲಿ ಕೂತಿರ್ತಾಳೆ ಅಂತ ನಾವು ನಿಶ್ಚಿಂತೆಯಾಗಿದ್ವಿ."

"ನಿಮಗೆ ಏನೂ ಅಂದಿಲ್ಲ ಅಕ್ಕಾ ನಾನು."

"ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು."

ಅವನು ಹೊರಟ. ಆಗ ಮೂಲೆಯಲ್ಲಿ ಕೂತಿದ್ದ ಅವನ ಮಗಳು ಎದ್ದಳು. ಇಪ್ಪತ್ತು ತುಂಬಿದ ಹುಡುಗಿ, ತಾಯಿಯಂತೆಯೇ ಸಣ್ಣ ದನಿ.

"ಅಪ್ಪಾ, ಒಂದು ನಿಮಿಷ. ನಾಳೆ ನಿನಗೇ ಎದೆನೋವು ಬಂದ್ರೆ ನಾನು ಫೋನಲ್ಲಿ ಏನು ಹೇಳಲಿ?"

ಅವನು ತಿರುಗದೆ ನಿಂತ.

"ಅಮ್ಮ ಇಲ್ಲ ದಾರಿ ತೋರಿಸೋಕೆ. ನಮ್ಮ ಮೂಲೆ ದಾಟಿದ ಮೇಲೆ ಇನ್ನೂ ಹದಿನಾರು ಮನೆ ಇದೆ. ಅವರು ಏನು ಹೇಳ್ಬೇಕು? ಅದನ್ನಾದ್ರೂ ಹೇಳಿ ಹೋಗು."

ಅವನು ಹಾಗೆಯೇ ಹೋದ. ಆದರೆ ಆ ಪ್ರಶ್ನೆ ಅಂಗಡಿಯಲ್ಲೇ ಉಳಿಯಿತು.

ಆಮೇಲೆ ಐದು ವಾರ ಚಿತ್ರದ ಹುಡುಗಿ ಬಂದಳು, ಕೂತಳು, ಕೇಳಿದಳು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: "ನಿಮ್ಮ ಮನೆಗೆ ದಾರಿ ಹೇಗೆ ಹೇಳ್ತೀರಿ?" ಒಬ್ಬರು ಗುಂಡಿಯ ಹತ್ತಿರ ಎಂದರು. ಗುಂಡಿ ಮುಚ್ಚಿ ಮೂರು ವರ್ಷವಾಗಿತ್ತು. ಇನ್ನೊಬ್ಬರು ವೆಲ್ಡಿಂಗ್ ಅಂಗಡಿ ದಾಟಿ ಎಂದರು. ವೆಲ್ಡರ್ ಅಂಗಡಿ ಎತ್ತಿಕೊಂಡು ಹೋಗಿ ಎಷ್ಟೋ ಕಾಲವಾಗಿತ್ತು.

"ನಾವು ಇಲ್ಲದ ಗಲ್ಲಿಯಲ್ಲಿ ಬದುಕ್ತಿದ್ದೀವಲ್ಲೇ!" ಎಂದಳು ರೇಡಿಯೋ ಅತ್ತೆ. ನಗು ಬಂತು. ನಕ್ಕ ಮೇಲೆ ಎಲ್ಲರಿಗೂ ಒಂಥರಾ ಆಯಿತು.

ಹುಡುಗಿ ದೊಡ್ಡ ಹಾಳೆಯ ಮೇಲೆ ಗಲ್ಲಿಯನ್ನು ಬರೆದಳು. ನಾವು ತಿದ್ದಿದೆವು. ನರ್ಸಮ್ಮ ಆಂಬುಲೆನ್ಸ್ ಡ್ರೈವರನ್ನೇ ಕರೆದುಕೊಂಡು ಬಂದಳು. "ನಮಗೆ ಚಿತ್ರ ಎಷ್ಟು ಚೆಂದ ಅನ್ನೋದು ಬೇಡ. ಓಡ್ತಿರೋ ಗಾಡಿಯಿಂದ ಕಾಣಬೇಕು, ಅಷ್ಟೇ" ಎಂದ ಅವನು. ಓದಲು ಬಾರದವರು ನಮ್ಮಲ್ಲಿ ಏಳು ಮಂದಿ ಇದ್ದಾರೆ, ಬರೀ ಅಂಕಿ ಬರೆದರೆ ಅವರು ಫೋನಿನಲ್ಲಿ ಏನು ಹೇಳಬೇಕು ಎಂದು ಒಬ್ಬ ತಾಯಿ ಕೇಳಿದಳು. ಕೊನೆಗೆ ಪ್ರತಿ ತಿರುವಿಗೂ ಒಂದು ದೊಡ್ಡ ಅಂಕಿ, ಒಂದು ಬಣ್ಣ, ಒಂದು ಚಿತ್ರ ಎಂದು ತೀರ್ಮಾನವಾಯಿತು. ನಮ್ಮ ಬಾಗಿಲು ಹಳದಿಯಾಗಿಯೇ ಇರಲಿ, ಸಾಲಿನ ಉಳಿದ ನಾಲ್ಕರಿಂದ ಬೇರೆ ಕಾಣಲು ಅದರ ಮೇಲೆ ದೊಡ್ಡದಾಗಿ ಒಂದು ಎಂದು ಬರೆಯಿರಿ ಎಂದೆ. ನಾಲಿಗೆಯನ್ನು ತಿದ್ದಿಕೊಳ್ಳೋಣ, ಬಾಗಿಲನ್ನಲ್ಲ.

ಗೋಡೆಗೆ ಬಣ್ಣ ಹಚ್ಚುವ ಮೊದಲು ರಟ್ಟಿನ ಬೋರ್ಡು ಮಾಡಿ, ನೇತುಹಾಕಿ ನೋಡೋಣ ಎಂದಳು ಚಿತ್ರದ ಹುಡುಗಿ. ಬೈಂಡರನ ಮಗಳು ಅಂಗಡಿಯ ಚೂರು ರಟ್ಟುಗಳನ್ನು ಅಪ್ಪನಿಗೆ ಕಾಣದಂತೆ ಎತ್ತಿಕೊಂಡು ಬಂದಳು. ಸೊಟ್ಟಪಟ್ಟ ಚೂರುಗಳು, ಒಂದರ ಅಳತೆ ಇನ್ನೊಂದಕ್ಕಿಲ್ಲ. ಮಾರನೆಯ ದಿನ ಅವಳು ಅಂಗಡಿ ಬಾಗಿಲು ತೆಗೆದರೆ, ಒಂದೇ ಅಳತೆಗೆ ಕತ್ತರಿಸಿದ ಎಂಟು ರಟ್ಟುಗಳು, ಮೂಲೆ ಉಜ್ಜಿ ನುಣುಪು ಮಾಡಿ, ಹೊಸ್ತಿಲ ಪಕ್ಕದಲ್ಲಿ ಒರಗಿಸಿಟ್ಟಿದ್ದವು. ಬೈಂಡರ್ ಒಳಗೆ ತಲೆ ತಗ್ಗಿಸಿ ಅಂಟು ಕಲಸುತ್ತಿದ್ದನಂತೆ.

ಬೋರ್ಡುಗಳನ್ನು ಕಟ್ಟಿದೆವು. ಬೈಂಡರನ ಗೋಡೆ ಬಿಟ್ಟು, ಅದರ ಎದುರಿನ ಗೋಡೆಗೆ ಎರಡನೇ ಬೋರ್ಡು ಹಾಕಿದೆವು. ಈ ಕಡೆಗೆ ಎಂದೂ ಬಾರದ ಒಬ್ಬ ಕೊಳಾಯಿ ಕೆಲಸದವನನ್ನು ಮೇನ್ ರೋಡಿನಲ್ಲಿ ನಿಲ್ಲಿಸಿ, ಕೊನೆಯ ಮನೆಗೆ ಬರಲು ಫೋನಿನಲ್ಲಿ ಹೇಳಿದೆವು. ಯಾರೂ ಸಹಾಯ ಮಾಡಬಾರದು ಎಂದು ಮೊದಲೇ ಮಾತಾಗಿತ್ತು. ರೇಡಿಯೋ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಹಳದಿ ಬಾಗಿಲಿನ ಹತ್ತಿರ ಅವನು ಸರಿಯಾಗಿ ತಿರುಗಿದ. ಎರಡನೇ ತಿರುವಿನಲ್ಲಿ ಬೋರ್ಡಿನ ಪಕ್ಕದಲ್ಲೇ ಹಾದು ಮುಂದೆ ಹೋದ. ಗೋಡೆ ಸಿಕ್ಕಿತು, ಹಿಂದಕ್ಕೆ ಬಂದ. ಮತ್ತೆ ಹೋದ. ಮತ್ತೆ ಬಂದ. ಬೈಂಡರ್ ಅಂಗಡಿಯೊಳಗಿಂದ ನೋಡುತ್ತಲೇ ಇದ್ದ. ಕೊಳಾಯಿಯವನು ಮೂರನೇ ಸಲ ಕೈ ಹಣೆಗೆ ಹಚ್ಚಿ, ಹೊಸ್ತಿಲ ಮುಂದೆ ನಿಂತು ಅತ್ತಿತ್ತ ನೋಡಿದಾಗ, ಬೈಂಡರ್ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದುಬಿಟ್ಟ. ಅವನ ಮೊಣಕೈ ಹಿಡಿದುಕೊಂಡ.

"ಯಾರ ಮನೆ ಬೇಕಿತ್ತು?" ಎಂದ.

ಅದು ಸೂಜಿಯಕ್ಕನ ಮಾತು. ಅವನಿಗೂ ಗೊತ್ತಾಯಿತು. ಸ್ವಲ್ಪ ಹೊತ್ತು ಅವನ ಕೈ ಆ ಅಪರಿಚಿತನ ತೋಳಿನ ಮೇಲೆ ಹಾಗೆಯೇ ಇತ್ತು. ಆಮೇಲೆ ನಮ್ಮ ಕಡೆ ತಿರುಗಿದ.

"ಬೋರ್ಡು ಹಾಕಿರೋ ಜಾಗಾನೇ ತಪ್ಪು" ಎಂದ, ಸಿಟ್ಟಿನಿಂದಲೇ. "ಉದ್ದ ಗೋಡೆ ಸಿಕ್ಕಿತು ಅಂತ ಅಗಲಕ್ಕೆ ಬರೆದುಬಿಡ್ತೀರಿ. ಬರೋನಿಗೆ ಅದು ಪಕ್ಕಕ್ಕೆ ಬಂದ ಮೇಲೆ ತಾನೇ ಕಾಣೋದು? ಪುಸ್ತಕ ಕಪಾಟಿನಲ್ಲಿ ನಿಂತಿರುವಾಗ ಮುಖದ ರಟ್ಟು ಯಾರಿಗೆ ಕಾಣುತ್ತೆ? ಬೆನ್ನು ಕಾಣುತ್ತೆ. ಹೆಸರನ್ನ ಬೆನ್ನ ಮೇಲೆ ಬರೀಬೇಕು."

"ಇಲ್ಲಿ ಬೆನ್ನು ಯಾವುದಣ್ಣ?" ಎಂದು ಚಿತ್ರದ ಹುಡುಗಿ ಮೆಲ್ಲಗೆ ಕೇಳಿದಳು.

ಅವನು ತನ್ನ ಅಂಗಡಿಯ ಮೂಲೆ ಕಂಬವನ್ನು ತೋರಿಸಿದ. ಒಂದೂವರೆ ಅಡಿ ಅಗಲ, ಅಷ್ಟೇ. ಆದರೆ ಮೊದಲ ತಿರುವಿನಿಂದ ಬರುವವರಿಗೆ ನೇರ ಎದುರಿಗೆ ಕಾಣುತ್ತಿತ್ತು. ಐದು ವಾರ ಅಳತೆ ಹಿಡಿದು ಓಡಾಡಿದವಳಿಗೂ ಅದು ಹೊಳೆದಿರಲಿಲ್ಲ.

"ಆದರೆ ನಿಮ್ಮ ಗೋಡೆ ಮುಟ್ಟಬಾರದು ಅಂದಿದ್ರಿ."

ಅವನು ಕಂಬದ ಮೇಲೆ ಕೈಯಾಡಿಸಿದ. "ದಿನಾ ನಾನಿಲ್ಲಿ ನಿಂತು ದಾರಿ ಹೇಳಕ್ಕಾಗಲ್ಲ. ಬರಿ" ಎಂದ. ಆಮೇಲೆ ಸೇರಿಸಿದ. "ಒಂದು ಮಾತು. ಇನ್ನುಮೇಲೆ ಇಲ್ಲಿ ಯಾರೇ ಒಂದು ಬಣ್ಣ ಬದಲಾಯಿಸಬೇಕಾದ್ರೂ ಎಲ್ಲರೂ ಕೂತು ಮಾತಾಡ್ಬೇಕು. ಸ್ವಂತ ಮನೆ ಬಾಗಿಲೇ ಆಗಿರಲಿ."

ಉಳಿದ ಎಲ್ಲ ಬೋರ್ಡುಗಳನ್ನೂ ಹಾಗೆಯೇ ಬರುವವರ ಕಣ್ಣಿನ ಎದುರಿಗೆ ಬದಲಾಯಿಸಿದೆವು. ಬಣ್ಣ ಹಚ್ಚುವ ದಿನ ಬೈಂಡರನೇ ಅಕ್ಷರದ ಅಳತೆ ಹಾಕಿಕೊಟ್ಟ. ಅವನ ಕಂಬಕ್ಕೆ ಸೂಜಿಯ ಚಿತ್ರ ಬರೆಯೋಣ ಎಂದು ಕೆಲವರು ಹೇಳಿದರು. ಹೇಳಿದವರ ಮನಸ್ಸು ಒಳ್ಳೆಯದೇ.

"ಬೇಡ" ಎಂದ ಅವನು. "ಹದಿನೆಂಟು ವರ್ಷ ಬಿಸಿಲು ಮಳೆಯಲ್ಲಿ ಕೂತು ದಾರಿ ತೋರಿಸಿದಳು. ಇನ್ನಾದ್ರೂ ಅವಳನ್ನ ಒಳಗೆ ಬಿಡಿ."

ಹಾಗಾಗಿ ಒಂದು ಹಸಿರು ಪುಸ್ತಕ ಬರೆದೆವು, ಮೇಲೆ ದೊಡ್ಡದಾಗಿ ಎರಡು ಎಂಬ ಅಂಕಿ. ಪ್ರತಿ ಮನೆಗೂ ಅವನು ಒಂದೊಂದು ರಟ್ಟಿನ ಚೀಟಿ ಮಾಡಿಕೊಟ್ಟ. ಆಯಾ ಮನೆಗೆ ಫೋನಿನಲ್ಲಿ ಹೇಳಬೇಕಾದ ಮಾತನ್ನು ಮಗಳು ಅದರ ಮೇಲೆ ಬರೆದಳು. ರೇಡಿಯೋ ಅತ್ತೆಯ ಚೀಟಿಯಲ್ಲಿ ಹೀಗಿತ್ತು: "ಒಂದನೇ ನಂಬರು, ಹಳದಿ ಬಾಗಿಲು, ಎಡಕ್ಕೆ. ಎರಡನೇ ನಂಬರು, ಹಸಿರು ಪುಸ್ತಕ, ಬಲಕ್ಕೆ." ಕೆಳಗೆ ಒಂದು ಸಾಲು: "ಫೋನ್ ಕೈಯಲ್ಲೇ ಇರಲಿ. ಪಕ್ಕದ ಮನೆಯವರನ್ನು ಕೂಗಿ, ಒಬ್ಬರು ತಿರುವಿನಲ್ಲಿ ನಿಲ್ಲಲಿ." ಓದಲು ಬಾರದವರಿಗೆ ಚಿತ್ರದ ಹುಡುಗಿ ಅದನ್ನೇ ಚಿತ್ರದಲ್ಲಿ ಬರೆದುಕೊಟ್ಟಳು. ರೇಡಿಯೋ ಅತ್ತೆ ಮಾತ್ರ ಒಂದು ತಿಂಗಳು "ನೀಲಿ" ಎಂದೇ ಹೇಳಿ, ಪ್ರತಿ ಸಲವೂ ಮೊಮ್ಮಕ್ಕಳಿಂದ ಬೈಸಿಕೊಂಡಳು.

ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹತ್ತೂವರೆಗೆ ಅತ್ತೆಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ತುಟಿ ಕಪ್ಪಾಯಿತು. ಸೊಸೆ ಗೋಡೆಯ ಮೇಲಿನ ಚೀಟಿ ನೋಡಿಕೊಂಡು ಫೋನಿನಲ್ಲಿ ಓದಿದಳು. ನಾನು ಹಳದಿ ಬಾಗಿಲ ಮುಂದೆ ಬಂದು ನಿಂತೆ. ಬೈಂಡರ್ ತನ್ನ ಕಂಬದ ಹತ್ತಿರ ನಿಂತ. ಗಾಡಿ ಬಂತು. ನಾನು ಕೈ ಎತ್ತುವ ಮೊದಲೇ ಎಡಕ್ಕೆ ತಿರುಗಿತು. ಬೈಂಡರನ ಕಂಬ ನೋಡಿ ಬಲಕ್ಕೆ ತಿರುಗಿ ಅತ್ತೆಯ ಬಾಗಿಲ ಮುಂದೆ ನಿಂತಿತು.

ಮುಖಕ್ಕೆ ಆಮ್ಲಜನಕದ ಕೊಳವೆ ಹಾಕಿ ಹೊತ್ತುಕೊಂಡು ಹೊರಟರೂ ಅತ್ತೆ ಕೈಸನ್ನೆ ಮಾಡಿ ಸೊಸೆಯನ್ನು ಕರೆದಳು. ಕೊಳವೆ ಸರಿಸಿ, "ಇಸ್ತ್ರಿಪೆಟ್ಟಿಗೆ ಹಾಗೇ ಇಟ್ಟಿದ್ದೀನಿ, ಯಾರದೋ ಅಂಗಿ ಸುಡುತ್ತೆ" ಎಂದಳು. ಐದು ದಿನಕ್ಕೆ ಮನೆಗೆ ಬಂದಳು. ಈಗಲೂ ಮಾತಾಡುತ್ತಿದ್ದಾಳೆ.

ಆದರೆ ನಾನು ಹೇಳಬೇಕೆಂದಿದ್ದು ಆ ಬೆಳಿಗ್ಗೆಯ ಮಾತು. ಗಾಡಿ ಹೋದ ಮೇಲೆ ಎಲ್ಲರೂ ಸಂತೋಷದಿಂದ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಬೈಂಡರ್ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಅಂಗಡಿಯೊಳಗೆ, ಹೊಲಿಯದೇ ಉಳಿದ ಹಾಳೆಗಳ ಮಧ್ಯೆ ನೆಲದ ಮೇಲೆ ಕೂತಿದ್ದ. ಮಗಳು ಅವನ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತಿದ್ದಳು. ಹೆಂಡತಿ ಹೋದ ದಿನವೂ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಅಳುತ್ತಿದ್ದ.

"ಗಡಿಯಾರ ನೋಡಿದೆ ಅಕ್ಕಾ" ಎಂದ. "ಮೇನ್ ರೋಡಿನಲ್ಲಿ ಸೈರನ್ ಕೇಳಿದಾಗಲಿಂದ ಅತ್ತೆ ಬಾಗಿಲು ಮುಟ್ಟೋವರೆಗೆ ಎರಡು ನಿಮಿಷ. ಎರಡೇ ನಿಮಿಷದ ದಾರಿ ಅಕ್ಕಾ ಇದು."

ಅವನ ಪಕ್ಕದಲ್ಲಿ ಕೂತೆ, ಅಷ್ಟೇ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮಲ್ಲಿ ಒಂದು ಬೇಡಿಕೆ. ಈ ವಾರವೇ ನಿಮ್ಮ ಬೀದಿಯನ್ನು ಎಂದೂ ನೋಡದ ಒಬ್ಬರಿಗೆ ಫೋನ್ ಮಾಡಿ, ನಿಮ್ಮ ಮನೆಗೆ ದಾರಿ ಹೇಳಿ. ಅವರು ಎಲ್ಲಿ ತಪ್ಪುತ್ತಾರೆ, ನೋಡಿ. ನೀವು ಹೇಳುವ ಗುರುತು ಇವತ್ತಿಗೂ ಅಲ್ಲಿ ಇದೆಯೇ, ನೋಡಿ. ಚಿತ್ರ ಬರೆಯುವವರು ನಿಮ್ಮ ಬೀದಿಗೆ ಬಂದರೆ ಓಡಿಸಬೇಡಿ. ನನ್ನಂತೆ ನೀರು ಕೊಟ್ಟು ಹೂಂ ಎಂದು ಸುಮ್ಮನಾಗಲೂ ಬೇಡಿ. ಕೂರಿಸಿಕೊಳ್ಳಿ. ನಿಮಗೇನು ಬೇಕು, ಏನು ಬೇಡ, ಯಾವ ಗೋಡೆ ಯಾರಿಗೆ ಏನಾಗಿದೆ ಎಂದು ಹೇಳಿ. ಸಿಟ್ಟಿನಲ್ಲಿ ದೂರ ನಿಂತವರ ಮಾತನ್ನು ಮೊದಲು ಕೇಳಿ, ಎಲ್ಲರಿಗೂ ತಪ್ಪಿಹೋದದ್ದು ಅವರ ಕಣ್ಣಿಗೆ ಬಿದ್ದಿರುತ್ತದೆ. ಚಿತ್ರ ಬರೆಯುವ ಮಕ್ಕಳೇ, ಡಬ್ಬ ತೆರೆಯುವ ಮೊದಲು ಕೇಳಿ. ಫೋಟೋ ತೆಗೆದ ಮೇಲೆಯೂ ಮತ್ತೆ ಬನ್ನಿ.

ನಾವು ಇದನ್ನೆಲ್ಲ ಮಾಡಿದ್ದು ಸೂಜಿಯಕ್ಕ ಹೋದ ಮೇಲೆ. ನಿಮ್ಮ ಬೀದಿಯಲ್ಲಿ ಎಲ್ಲರೂ ಇರುವಾಗಲೇ ಮಾಡಿ.